ಎಕ್ಸ್‌ಪಾರ್ಟಿಯಾದವರ ಪಾಲು

ಕೋರ್ಟಿನ ಕೆಲವು ಮಾತುಗಳನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಅದರಲ್ಲೂ ‘ಎಕ್ಸ್‌ಪಾರ್ಟಿ’. ಅದು ಲ್ಯಾಟಿನ್ ಮಾತು, ಒಂದು ಕಡೆಯವರು ಹಾಜರಿಲ್ಲದಾಗ ಇನ್ನೊಂದು ಕಡೆಯವರ ಮಾತು ಮಾತ್ರ ಕೇಳಿ ತೀರ್ಪು ಕೊಡುವುದು ಎಂದರ್ಥ ಅಂತ ನನಗೆ ತಿಳಿದದ್ದು ಮದುವೆಯಾಗಿ ಬೇಲೂರಿಗೆ ಬಂದ ಮೇಲೆ. ಹಾರನಹಳ್ಳಿಯ ನಮ್ಮ ಮನೆಯಲ್ಲಿ ಅದಕ್ಕೆ ಬೇರೆಯೇ ಅರ್ಥವಿತ್ತು. ಊರಲ್ಲಿ ಎಕ್ಸ್ ಮೆಂಬರ್ ಇದ್ದರು, ಎಕ್ಸ್ ಚೇರ್ಮನ್ ಇದ್ದರು. ಹಾಗೆಯೇ ಒಂದು ಕಾಲಕ್ಕೆ ಪಾರ್ಟಿಯಾಗಿದ್ದು ಈಗ ಲೆಕ್ಕಕ್ಕಿಲ್ಲದವನೇ ಎಕ್ಸ್‌ಪಾರ್ಟಿ ಎಂದುಕೊಂಡಿದ್ದೆವು.

ಆ ಮಾತನ್ನು ಮನೆಗೆ ತಂದವರು ಅಪ್ಪ. ತೆಂಗಿನ ತೋಟದ ಬದುವಿನ ಕೇಸಿಗಾಗಿ ಅರಸೀಕೆರೆ ಕೋರ್ಟಿಗೆ ಅಲೆಯುತ್ತಿದ್ದರು. ಜ್ವರ ಬಂದು ಮಲಗಿದ್ದಾಗ ವಾಯಿದೆ ತಪ್ಪಿ, ಕೇಸು ಎಕ್ಸ್‌ಪಾರ್ಟಿಯಾಗಿ ಬದು ಪಕ್ಕದ ತೋಟದವರ ಪಾಲಾಯಿತು. ತಮ್ಮ ಹೊಟ್ಟೆ ಉರಿಸಿದ ಆ ಮಾತನ್ನೇ ಅವರು ಮನೆಯಲ್ಲಿ ತಮಾಷೆಗೆ ಬಳಸತೊಡಗಿದ್ದು ಹೇಗೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಣ್ಣ ಆಟ ಮುಗಿಸಿ ಊಟಕ್ಕೆ ತಡವಾಗಿ ಬಂದರೆ, “ನೀನು ಎಕ್ಸ್‌ಪಾರ್ಟಿ ಕಣ್ಲಾ, ನಿನ್ ಹೋಳಿಗೆ ನಾವ್ ತಿಂದಾಯ್ತು!” ಎಂದು ತೊಡೆ ತಟ್ಟಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ನಗದೇ ಇದ್ದವರು ಅತ್ತೆ ಒಬ್ಬರೇ. ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ವಾಪಸು ಬಂದವರು. ಬೀದಿ ಕಡೆಯ ಕೋಣೆ ಅವರದು, ಅಡುಗೆಮನೆ ಪೂರ್ತಿ ಅವರದು. ಬಡಿಸುವ ಮೊದಲೇ ಅಣ್ಣನ ಹೋಳಿಗೆ ಎತ್ತಿ, ಮೇಲೊಂದು ತಟ್ಟೆ ಮುಚ್ಚಿ ಒಲೆಯ ಪಕ್ಕ ಇಡುತ್ತಿದ್ದರು. “ಅವ್ನು ಬಂದಿಲ್ವಲ್ಲ, ಅವ್ನ್ ಪಾಲು ಹಂಗೇ ಇರ್ಲಿ” ಎನ್ನುವರು. ಅಷ್ಟೇ, ಹೆಚ್ಚು ಮಾತಿಲ್ಲ. ನಮ್ಮಲ್ಲಿ ಮುಚ್ಚಿದ ತಟ್ಟೆಯ ಊಟ ಹೆಚ್ಚು ಉಂಡವನು ಅಣ್ಣನೇ.

ಅಪ್ಪ ಹೋದ ಮೇಲೆ ಮನೆ ಅಣ್ಣ-ಅತ್ತಿಗೆಯ ಕೈಗೆ ಬಂತು. ಹೋದ ವರ್ಷ ಒಂದು ಶನಿವಾರ ಹೇಳದೆ ಕೇಳದೆ ತವರಿಗೆ ಹೋದೆ. ಜಗಲಿಯ ಮೇಲೆ ಅತ್ತೆಯ ಟ್ರಂಕು, ಸುತ್ತಿಟ್ಟ ಹಾಸಿಗೆ, ದೇವರ ಪಟಗಳು ಬಿದ್ದಿದ್ದವು. ಒಳಗೆ ಅಣ್ಣ ಮೇಸ್ತ್ರಿಯ ಜೊತೆ ನಿಂತು ಗೋಡೆ ಅಳೆಸುತ್ತಿದ್ದ. ಅತ್ತೆ ಅಕ್ಕಪಕ್ಕದ ಹೆಂಗಸರ ಜೊತೆ ಟೆಂಪೋದಲ್ಲಿ ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದರು.

“ಏನಣ್ಣ ಇದು?”

“ಅಂಗಡಿ ಮಾಡ್ತೀನಿ ಕಣೇ. ಬೀದಿ ಕಡೆ ಗೋಡೆ ಒಡ್ದು ಶಟರ್ ಹಾಕ್ಸೋದು. ಅತ್ತೆಗೆ ಹಿಂದ್ಗಡೆ ಕೊಬ್ಬರಿ ಕೋಣೆ ಐತಲ್ಲ. ಚಿಕ್ಕಪ್ಪಾರೂ ಹೂಂ ಅಂದವ್ರೆ.”

“ಅತ್ತೇನ ಕೇಳ್ದಾ?”

ಅಣ್ಣ ನಕ್ಕ. ಥೇಟ್ ಅಪ್ಪನ ನಗು. “ಎಕ್ಸ್‌ಪಾರ್ಟಿ ಆಗೋಯ್ತು ಬಿಡು.”

ಮೇಸ್ತ್ರಿಯೂ ನಕ್ಕ. ನನಗೆ ಇಬ್ಬರ ಕಪಾಳಕ್ಕೂ ಬಾರಿಸಬೇಕೆನ್ನಿಸಿತು. ಕೋರ್ಟಿನವರಾದರೂ ಮೊದಲು ನೋಟಿಸು ಕಳಿಸುತ್ತಾರೆ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ಇವನು ಮುದುಕಿ ಬೆಟ್ಟ ಹತ್ತಲಿ ಎಂದು ಕಾದು ಕೂತಿದ್ದ. ಬಾಯಿಗೆ ಬಂದಂತೆ ಬೈದೆ. “ಕೊಟ್ಟ ಹೆಣ್ಣು ನೀನು, ಇಲ್ಲಿ ಪಂಚಾಯ್ತಿಗೆ ಬರ್ಬೇಡ” ಎಂದು ಚಪ್ಪಲಿ ಮೆಟ್ಟಿ ಹೊರಟೇ ಹೋದ. ಚಿಕ್ಕಂದಿನಲ್ಲಿ ನಾವು ತಪ್ಪಾಗಿ ತಿಳಿದುಕೊಂಡಿದ್ದ ಅರ್ಥವೇ ಈ ಮನೆಯಲ್ಲಿ ನಿಜವಾಗಿತ್ತು. ಅತ್ತೆ ಲೆಕ್ಕಕ್ಕಿಲ್ಲ, ನಾನೂ ಇಲ್ಲ. ಟ್ರಂಕನ್ನು ನಾನೊಬ್ಬಳೇ ದರದರ ಎಳೆದು ಮತ್ತೆ ಕೋಣೆಯೊಳಗೆ ತಂದಿಟ್ಟೆ.

ಸಂಜೆ ಅತ್ತೆ ಬಂದರು. ಗೋಡೆಯ ಮೇಲೆ ಮೇಸ್ತ್ರಿ ಎಳೆದಿದ್ದ ಸುಣ್ಣದ ಗೆರೆಯನ್ನು ನೋಡಿದರು, ದೇವರ ಪಟಗಳಿದ್ದ ಗೂಡು ಖಾಲಿಯಾಗಿದ್ದನ್ನು ನೋಡಿದರು. ಏನಾಯಿತೆಂದು ನಾನು ಹೇಳಿದೆ.

“ಒಡೆಯಾದು ಯಾವಾಗಂತೆ?” ಎಂದರು.

ಆಮೇಲೆ ಕೈಕಾಲು ತೊಳೆದು ಬಂದು ಪ್ರಸಾದದ ಲಾಡು ಮುರಿದರು. ಅತ್ತಿಗೆಗೆ ಕೊಟ್ಟರು, ನನಗೆ ಕೊಟ್ಟರು. ಒಂದು ಚೂರನ್ನು ತಟ್ಟೆಯಲ್ಲಿಟ್ಟು ಇನ್ನೊಂದು ತಟ್ಟೆ ಹುಡುಕತೊಡಗಿದರು.

“ಅವ್ನು ಬಂದಿಲ್ವಲ್ಲ, ಅವ್ನ್ ಪಾಲು...”

ನನಗೆ ತಡೆಯಲಾಗಲಿಲ್ಲ. “ಯಾವ ಪಾಲೂ ಬೇಡ ಅತ್ತೆ! ಅವ್ನು ಎಕ್ಸ್‌ಪಾರ್ಟಿ!” ಎಂದು ಕಿರುಚಿದೆ.

ಅತ್ತೆ ತಿರುಗಿ ನನ್ನನ್ನೇ ನೋಡಿದರು. “ನೀನೂ ಆ ಮಾತು ಕಲ್ತ್ಯಾ?” ಎಂದರು. ಲಾಡಿನ ಮೇಲೆ ತಟ್ಟೆ ಮುಚ್ಚಿದರು.

ಅಣ್ಣ ಬಂದು ಅದನ್ನು ತಿಂದ. ಮುಂದಿನ ವಾರ ಗೋಡೆ ಒಡೆಸಿದ.