ಅಜ್ಜಿ ವಹಿಸಿಕೊಂಡ ನನ್ನ ವಾರಗಳು

ಊಟ ಬಿಟ್ಟಿದ್ದು ಯಾವಾಗಿನಿಂದ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಬಿಡುತ್ತಿದ್ದೇನೆ ಎಂದು ಆಗ ನನಗೆ ಅನ್ನಿಸಿಯೇ ಇರಲಿಲ್ಲ. ಮೊದಲ ಪಿಯುಸಿಯಲ್ಲಿದ್ದೆ. ತಾಳ್ಯದಿಂದ ಬೆಳಿಗ್ಗೆ ಬಸ್ಸು ಹಿಡಿದು ಹೊಳಲ್ಕೆರೆಯ ಕಾಲೇಜಿಗೆ ಹೋಗುತ್ತಿದ್ದೆ. ಜೊತೆಗೆ ಬರುತ್ತಿದ್ದ ಗೆಳತಿ ಸೋಮವಾರ ಮಾಡುತ್ತಿದ್ದಳು. ಅಂದರೆ ಆ ದಿನ ಒಪ್ಪತ್ತು ಮಾತ್ರ ಉಂಡು, ಸಂಜೆ ಈಶ್ವರನ ಗುಡಿಗೆ ಹೋಗಿಬರುವುದು. ನಾನೂ ಮಾಡುತ್ತೇನೆ ಅಂದೆ.

ಅಜ್ಜಿಗೆ ಹಿಗ್ಗೋ ಹಿಗ್ಗು. ಅಪ್ಪನ ತಾಯಿ ಅವಳು. ಪ್ರಾಯದಲ್ಲಿ ಕುರಿಹಿಂಡಿನ ಹಿಂದೆ ಊರೂರು ಅಲೆದವಳು, ಆಗಲೂ ಸೋಮವಾರ ತಪ್ಪಿಸಿರಲಿಲ್ಲವಂತೆ. "ಈಗಿನ್ ಹುಡ್ರು ಯಾರ್ ಮಾಡ್ತಾರೆ? ನಮ್ ಹುಡ್ಗಿ ನೋಡ್ರಿ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಸೋಮವಾರದ ಜೊತೆಗೆ ಶನಿವಾರ ಸೇರಿತು. ಆಮೇಲೆ ಗುರುವಾರ. ವಾರವಲ್ಲದ ದಿನ ಹೊಟ್ಟೆನೋವು, ಇಲ್ಲವೇ ಗೆಳತಿಯ ಡಬ್ಬಿಯಲ್ಲಿ ತಿಂದೆ ಎಂಬ ಸುಳ್ಳು. ಹೊಸದುರ್ಗದಲ್ಲಿ ನೆಂಟರ ಮದುವೆಗೆ ಹೋದಾಗ ಚಿಕ್ಕಮ್ಮ ಗಲ್ಲ ಹಿಡಿದು, "ಎಷ್ಟ್ ಚೆನ್ನಾಗ್ ಸಣ್ಣಕಾಗಿದೀಯೇ," ಅಂದಿದ್ದು ನೆನಪಿದೆ. ಅದು ವಾರ ಹಿಡಿಯುವ ಮೊದಲೋ, ಆಮೇಲೋ? ಎಷ್ಟೋ ಸಲ ಯೋಚಿಸಿದ್ದೇನೆ. ಮೊದಲಾದರೆ ನಾನು ದೇವರ ಹೆಸರಲ್ಲಿ ಮೋಸ ಮಾಡಿದಂತೆ, ಆಮೇಲಾದರೆ ನನ್ನ ಭಕ್ತಿ ನಿಜವಿದ್ದಂತೆ. ತೀರ್ಮಾನವಾಗಿಲ್ಲ. ಹಸಿದಾಗ ತಲೆಯೊಳಗೆ ಒಂದು ಬಗೆಯ ತಿಳಿ ಹುಟ್ಟುತ್ತಿತ್ತು, ಅದು ಮಾತ್ರ ನನಗೆ ಬೇಕಾಗಿತ್ತು. ಉಂಡರೆ ಅದು ಕಲಕಿಹೋಗುತ್ತಿತ್ತು.

ನನ್ನ ಅವ್ವ ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಕಾಲೇಜು ಬೇಗ ಬಿಟ್ಟ ದಿನ ಅಲ್ಲಿಗೆ ಹೋಗುತ್ತಿದ್ದೆ. ಮಕ್ಕಳು ಮಲಗಿರುವಾಗ ಗೋಡೆ ಪಕ್ಕದ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ಅವ್ವ ನೋಡಿದ್ದಾಳೆ, ನಕ್ಕಿದ್ದಾಳೆ. "ನೀನೇನ್ ಕೂಸೇನೇ? ಇಳಿ, ಮುರಿದ್ಹೋದೀತು," ಎಂದಿದ್ದಾಳೆ. ಸೊರಗಿದ ಮಕ್ಕಳ ತಾಯಂದಿರಿಗೆ ಮೊಟ್ಟೆ ಕೊಡ್ರಿ, ಸೊಪ್ಪು ಕೊಡ್ರಿ ಎಂದು ದಿನವೂ ಹೇಳುವವಳು ನನ್ನ ವಿಷಯದಲ್ಲಿ ಕಂಡಿದ್ದು ಚೂಡಿದಾರ ಸಡಿಲವಾಗಿದೆ ಎಂಬುದನ್ನಷ್ಟೇ. ಎರಡು ಸಲ ಹೊಲಿಗೆ ಹಾಕಿ ಬಿಗಿ ಮಾಡಿಕೊಟ್ಟಳು.

ಮುಟ್ಟು ನಿಂತಾಗ ಅವಳಿಗೆ ದಿಗಿಲಾಯಿತು. ಅಡುಗೆಮನೆಯ ಬಾಗಿಲು ಮುಚ್ಚಿ ನನ್ನ ಕೈ ಹಿಡಿದುಕೊಂಡಳು.

"ನಿಜ ಹೇಳು. ಯಾವನಾದ್ರೂ ಇದಾನಾ?"

"ಎಲ್ಲಿ?" ಅಂದೆ. ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಎಲ್ಲಿ ಅಂತ ನನ್ನೇ ಕೇಳ್ತೀಯಾ? ಏನಾದ್ರೂ ಮಾಡ್ಕಂಡಿದೀಯೇನೇ?"

ಆಗ ತಿಳಿಯಿತು. ನಾನು ಅಳತೊಡಗಿದೆ. ಅಳುತ್ತಿದ್ದುದನ್ನು ಅವಳು ಒಪ್ಪಿಗೆ ಎಂದುಕೊಂಡು ತಾನೂ ಅತ್ತಳು. ಮರುದಿನವೇ, ಅಪ್ಪನಿಗೆ ಏನೋ ನೆಪ ಹೇಳಿ, ನನ್ನನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನ್ ಆಯಿತು, ರಕ್ತ ತೆಗೆದರು. ಅವ್ವ ಹೆದರಿದ್ದಂಥದ್ದೇನೂ ಇರಲಿಲ್ಲ. ಲೇಡಿ ಡಾಕ್ಟರು ನನ್ನ ಮುಂಗೈ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಊಟ ಹೇಗೆ ಮಾಡ್ತೀಯಮ್ಮ?"

"ವಾರ ಮಾಡ್ತೀನಿ ಮೇಡಂ."

"ವಾರದಲ್ಲಿ ಎಷ್ಟು ವಾರ?"

ಬೆರಳು ಮಡಚಲು ಶುರು ಮಾಡಿದೆ, ನಡುವೆ ನಿಲ್ಲಿಸಿದೆ. ನನಗೆ ನಗು ಬಂತು. ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಅವರು ನಗಲಿಲ್ಲ. ಚೀಟಿ ಬರೆದು ಅದೇ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರ ಬಳಿ ಕಳಿಸಿದರು. ಆ ಕೋಣೆಯ ಮೇಲೆ ಮಾನಸಿಕ ವಿಭಾಗ ಎಂಬ ಬೋರ್ಡಿತ್ತು. ಅದನ್ನು ಓದಿದ ಅವ್ವ ಹೊಸಿಲು ದಾಟಲಿಲ್ಲ.

"ಇಲ್ಲಿಗ್ಯಾಕೆ? ನಮ್ ಹುಡ್ಗಿಗೆ ತಲೆ ನೆಟ್ಟಗೈತೆ."

"ಒಳಗೆ ಬರ್ರಿ, ಕುಂತ್ಕಳ್ರಿ," ಅಂದರು ಒಳಗಿದ್ದ ಡಾಕ್ಟರು. ಮಧ್ಯವಯಸ್ಸಿನವರು, ಮಾತು ನಮ್ಮ ಕಡೆಯದೇ. "ತಲೆ ಕೆಟ್ಟೈತೆ ಅಂತ ಯಾರೂ ಅಂದಿಲ್ಲ. ಹಸಿದಿರಾಕೆ ಈ ಹುಡುಗಿಗೆ ಹೆದ್ರಿಕೆ ಇಲ್ಲ, ಉಣ್ಣಾಕೆ ಹೆದ್ರಿಕೆ. ಅದೂ ಒಂದು ಕಾಯಿಲೆನೇ. ವಾಸಿ ಆಗುತ್ತೆ, ಆದ್ರೆ ನಿಧಾನ."

ಮೂರು ಹೊತ್ತು ಊಟ, ಉಣ್ಣುವಾಗ ಮನೆಯವರೊಬ್ಬರು ಜೊತೆಗೆ ಕೂರಬೇಕು, ಯಾವ ವಾರವೂ ಬೇಡ, ತೂಕ ಆಸ್ಪತ್ರೆಯಲ್ಲಿ ಮಾತ್ರ. ಇಷ್ಟು ಹೇಳಿ, ಮಾತಾಡಲು ನಾನು ಆಗಾಗ ಬರುತ್ತಿರಬೇಕು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ತಿರುಗಿ ಕೂತಿದ್ದಳು. "ಊರ್ ಮಕ್ಳನ್ನೆಲ್ಲ ತೂಗೋಳು ನಾನು," ಎಂದು ಒಂದೇ ಸಲ ಅಂದಳು. ಯಾರಿಗೆ ಹೇಳಿದಳೋ.

ಮನೆಯಲ್ಲಿ ಅಜ್ಜಿ ರೇಗಿದಳು. "ದೇವ್ರಿಗ್ ಬಿಟ್ಟಿರೋ ವಾರನ ಡಾಕ್ಟ್ರು ಬಿಡಿಸ್ತಾರಾ? ಇದ್ಯಾವ್ ಕಾಯಿಲೆ? ನಾವ್ ಕಂಡಿಲ್ಲ ಬಿಡು!" ಎರಡು ದಿನ ಅವ್ವನ ಜೊತೆ ಮಾತು ಬಿಟ್ಟಳು. ನನಗೆ ಒಳಗೊಳಗೇ ಸಮಾಧಾನ. ಅಜ್ಜಿಯೊಬ್ಬಳಾದರೂ ನನ್ನ ಕಡೆ ಇದ್ದಾಳಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ನನ್ನನ್ನೂ ಎಬ್ಬಿಸಿ ಗುಡಿಗೆ ಕರೆದುಕೊಂಡು ಹೋದಳು. ಹೂವು ಇಟ್ಟು, ಪೂಜಾರಿ ಪಕ್ಕದಲ್ಲಿದ್ದಾರೆ ಎಂಬುದನ್ನೂ ಲೆಕ್ಕಿಸದೆ, ದೇವರ ಜೊತೆ ಜೋರಾಗಿ ಮಾತಾಡಿದಳು.

"ಏನಪ್ಪ, ಕೇಳ್ಕ. ಇವ್ಳು ಮಾಡ್ತಿದ್ದ ವಾರ ಎಲ್ಲ ಇನ್ಮೇಲೆ ನಂದು. ಸ್ವಾಮಾರ, ಶನಿವಾರ, ಗುರುವಾರ, ಎಲ್ಲ ನಾನ್ ಮಾಡ್ತೀನಿ. ಇವ್ಳು ಉಣ್ತಾಳೆ. ತಪ್ಪು ಅಂತ ಕಂಡ್ರೆ ನನ್ನ ಕೇಳು, ಅವ್ಳ್ ತಂಟೆಗ್ ಬರ್ಬೇಡ."

ಪೂಜಾರಿ ನಗುತ್ತ ನನ್ನ ಕೈಗೆ ಬಾಳೆಹಣ್ಣು ಕೊಟ್ಟರು. "ಇಲ್ಲೇ ತಿನ್ನು ಮಗಾ," ಅಂದಳು ಅಜ್ಜಿ. ಅರ್ಧ ತಿಂದು, ಉಳಿದದ್ದನ್ನು ಸಿಪ್ಪೆಯಲ್ಲಿ ಮುಚ್ಚಿ ಹಿಡಿದೆ. ಅವಳು ಕಟ್ಟೆ ಮೇಲೆ ಕೂತು ಕಾದಳು. ನನಗೆ ಸಿಟ್ಟು ಬಂದಿತ್ತು. ನನ್ನದೆಂದು ಇದ್ದ ಒಂದೇ ಒಂದನ್ನು ಅವಳು ಕಿತ್ತುಕೊಂಡು ತನ್ನ ಸೆರಗಿಗೆ ಕಟ್ಟಿಕೊಂಡ ಹಾಗೆ ಅನ್ನಿಸಿತ್ತು. ನನಗೋಸ್ಕರ ಅವಳು ಹಸಿದಿರುತ್ತಾಳೆ ಎಂಬುದು ಹೊಳೆದಿದ್ದು ತಡವಾಗಿ.

ಆ ತಿಂಗಳುಗಳಲ್ಲಿ ನಮ್ಮ ಮನೆಯ ಊಟ ಅಂದರೆ ರಂಪ. ಅವ್ವ ಎದುರಿಗೆ ಕೂತು ಮುದ್ದೆ ಮುರಿಯುವುದನ್ನೇ ನೋಡುವಳು. ನಾನು ತಟ್ಟೆ ತಳ್ಳುವೆ, ಅವಳು ಎಳೆದು ಮುಂದಿಡುವಳು. ಮುದ್ದೆಯನ್ನು ನಾಯಿಗೆ ಹಾಕಿ ಸಿಕ್ಕಿಬಿದ್ದೆ. ನನಗೆ ಏಟು ಬೀಳುತ್ತದೆ ಅಂದುಕೊಂಡರೆ ಅವ್ವ ಡಾಕ್ಟರಿಗೆ ಫೋನ್ ಮಾಡಿದಳು. ಹೀಗೂ ಆಗುತ್ತದೆ, ಬೈಯಬೇಡಿ, ಮುಂದಿನ ಹೊತ್ತಿಗೆ ಮತ್ತೆ ಬಡಿಸಿ ಅಂದರಂತೆ.

ಇತ್ತ ಅಜ್ಜಿ ಹೇಳಿದ ಹಾಗೇ ಮಾಡಿದಳು. ಒಂದು ಶನಿವಾರ ನೀರಿನ ತೊಟ್ಟಿಯ ಹತ್ತಿರ ತಲೆಸುತ್ತಿ ಕುಸಿದು ಕೂತಳು. ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ ಅಪ್ಪ ಓಡಿಬಂದು ಅವಳನ್ನು ಎತ್ತಿದ. ಮನೆಯಲ್ಲಿ ದನಿ ಎತ್ತದ ಮನುಷ್ಯ ಅಂದು ಕೂಗಿಬಿಟ್ಟ.

"ಇಬ್ರಲ್ಲಿ ಒಬ್ರಾದ್ರೂ ಉಣ್ರೇ! ನಾನ್ ಯಾರ್ನ ಅಂತ ನೋಡ್ಲಿ?"

ನಾನು ಅಜ್ಜಿಯ ಪಕ್ಕ ಕೂತೆ. "ನೀನ್ ಉಂಡ್ರೆ ನಾನೂ ಉಣ್ತೀನಿ," ಅಂದೆ. ಅಜ್ಜಿ ತಕ್ಷಣ ಮುದ್ದೆ ಮುರಿದಳು. ಎಲ್ಲರಿಗೂ ಸಂತೋಷ. ಆದರೆ ಮುಂದಿನ ಸಲ ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ ಡಾಕ್ಟರು ತಲೆಯಾಡಿಸಿ, ಊಟದಲ್ಲಿ ಚೌಕಾಸಿ ಬೇಡ, ಅಜ್ಜಿಯ ಊಟ ಅಜ್ಜಿಗೆ, ನಿನ್ನ ಊಟ ನಿನಗೆ ಅಂದರು. ಒಳ್ಳೆಯದು ಯಾವುದು ಎಂದು ನನಗೆ ತೋಚದಂತಾಯಿತು.

"ಅಜ್ಜಿ ಹಸಿದ್ರೆ ಭಕ್ತಿ, ನಾನ್ ಹಸಿದ್ರೆ ಕಾಯಿಲೆ. ಅದ್ಹೆಂಗೆ ಸರ್?" ಎಂದು ಕೇಳಿದೆ.

"ಸೋಮವಾರ ಮುಗಿದ ಮೇಲೆ ನಿಮ್ಮಜ್ಜಿ ಏನ್ ಮಾಡ್ತಾರೆ?"

"ಉಣ್ತಾಳೆ."

"ಹೆದರ್ಕಂತ ಉಣ್ತಾರಾ?"

ಇಲ್ಲ. ಮಂಗಳವಾರ ಅಜ್ಜಿ ಎರಡು ಮುದ್ದೆ ಉಂಡು, ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡು ಬಿಸಿಲಿಗೆ ಕಾಲು ಚಾಚುತ್ತಿದ್ದಳು. ಡಾಕ್ಟರು ಹೇಳಿದ್ದು ನನಗೆ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ. ಅಜ್ಜಿ ಶನಿವಾರ, ಗುರುವಾರ ಬಿಟ್ಟು ಸೋಮವಾರ ಮಾತ್ರ ಉಳಿಸಿಕೊಂಡಳು. "ಇದು ನನ್ ಹಳೇದು, ನಿನ್ಗಲ್ಲ," ಎಂದು ನನಗೆ ಸ್ಪಷ್ಟವಾಗಿ ಹೇಳಿದಳು.

ವಾಸಿಯಾದ ದಿನ ಅಂತ ಒಂದಿರಲಿಲ್ಲ. ಮುಟ್ಟು ಮರಳಿತು, ಅವ್ವ ಕಣ್ಣೊರೆಸಿಕೊಂಡು ಪಾಯಸ ಮಾಡಿದಳು, ಆ ಪಾಯಸಕ್ಕೇ ಮತ್ತೆ ಜಗಳವಾಯಿತು. ಎರಡನೇ ಪಿಯುಸಿಯಲ್ಲಿ ತುಂಬ ಕಡಿಮೆ ಅಂಕ ಬಂದು ಹೇಗೋ ಪಾಸಾದೆ. ಅದೇ ಚಿಕ್ಕಮ್ಮ "ಈಗ ಮೈಕೈ ತುಂಬ್ಕಂಡಿದೀಯ," ಅಂದಾಗ ಮತ್ತೆ ಕೆಲವು ದಿನ ಸರಿಯಾಗಿ ಉಣ್ಣಲಿಲ್ಲ. ಆದರೆ ಆ ಸಲ ಅವ್ವನಿಗೆ ನಾನಾಗಿಯೇ ಹೇಳಿದೆ.

ಈಗ ಹಿರಿಯೂರಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಮಧ್ಯಾಹ್ನ ಉಳಿದ ಟೀಚರುಗಳ ಜೊತೆ ಡಬ್ಬಿ ಬಿಚ್ಚುತ್ತೇನೆ, ಹಂಚಿಕೊಂಡು ತಿನ್ನುತ್ತೇನೆ. ಹೆಚ್ಚಿನ ದಿನ ಊಟ ಬರೀ ಊಟ. ಕೆಲವು ದಿನ ಅಲ್ಲ.

ಈಚೆಗೆ ಅವ್ವ ನನ್ನ ರೂಮಿಗೆ ಬಂದಿದ್ದಳು. ಇಬ್ಬರೂ ಬಸ್ಸಿನಲ್ಲಿ ಊರಿಗೆ ಹೊರಟಿದ್ದೆವು. ಐಮಂಗಲ ದಾಟಿದ ಮೇಲೆ, ಏನೂ ಪೀಠಿಕೆಯಿಲ್ಲದೆ, "ಅದ್ಯಾಕೇ ನಿನ್ಗೆ ಹಂಗಾಯ್ತು? ನನ್ನಿಂದೇನಾದ್ರೂ ತಪ್ಪಾಗಿತ್ತಾ?" ಎಂದು ಕೇಳಿದಳು.

ಇಷ್ಟು ವರ್ಷ ಅವಳು ಇದನ್ನು ಕೇಳಿರಲಿಲ್ಲ. ಇಲ್ಲ ಎಂದು ಹೇಳಿಬಿಡಬಹುದಿತ್ತು. ಹೌದು ಅನ್ನಲು ನನ್ನ ಬಳಿ ಏನೂ ಇರಲಿಲ್ಲ.

"ಗೊತ್ತಿಲ್ಲವ್ವ," ಅಂದೆ.

"ನಂಗೂ ಗೊತ್ತಾಗ್ಲಿಲ್ಲ," ಅಂದಳು.

ಚಿತ್ರದುರ್ಗದಲ್ಲಿ ಬಸ್ಸಿಳಿದಾಗ ಇಬ್ಬರಿಗೂ ಹಸಿವಾಗಿತ್ತು. "ಬಾ, ಏನಾದ್ರೂ ತಿಂದು ಹೋಗಾಣ," ಎಂದು ನಾನೇ ಕರೆದೆ.