ಎಲ್ಲಾ ಬಾಕ್ಸ್ ತಗದ ತೋರಸ್ರಿ

ನಾನು ಸಾಂಗಲಿಯಲ್ಲಿ ಮಾಡುವ ಕೆಲಸ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಾಗಿದ್ದು ಮಾವಶಿಯ ಒಣದ್ರಾಕ್ಷಿಯನ್ನು ಬಿಸಿಲಿಗೆ ತಂದು ನಿಲ್ಲಿಸಿದ ಮೇಲೆಯೇ.

ಮೀರಜ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿಗೆ ನಮ್ಮ ಕಂಪನಿ ಎಐ ಏಜೆಂಟ್ ಒಂದನ್ನು ಮಾಡಿಕೊಟ್ಟಿತ್ತು. ರೈತರು ಊರಲ್ಲೇ ಕೂತು ಮೊಬೈಲಿನಲ್ಲಿ ಹೇಳಿದರೆ ಸಾಕು, ಅದು ಕೇಳಿಕೊಂಡು ಅಲ್ಲಿಯ ಸಾಫ್ಟ್‌ವೇರ್ ನಡೆಸಿ, ಮಾಲು ಹೊರತೆಗೆಯುವ ಚೀಟಿಯನ್ನು ತಾನೇ ಹೊರಡಿಸುತ್ತಿತ್ತು. ಸಾಫ್ಟ್‌ವೇರಿನ ಒಂದೊಂದು ಸಾಧನವೂ, ಅಂದರೆ ಟೂಲ್, ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಮುಟ್ಟಲೇಬಾರದು ಎಂದು ಏಜೆಂಟಿಗೆ ತಿಳಿಯುವಂತೆ ಬರೆದಿಡುವುದು ನನ್ನ ಕೆಲಸ. ‘ಮುಟ್ಟಲೇಬಾರದು’ ಎಂಬ ಭಾಗವನ್ನು ಚಹಾ ಕುಡಿದು ಬರೆದರಾಯಿತು ಎಂದು ಬಿಡುತ್ತಿದ್ದೆ. ಚಹಾ ಮುಗಿಯುತ್ತಲೇ ಇರಲಿಲ್ಲ.

ಸ್ಯಾಂಪಲ್ ತೆಗೆಯುವ ಸಾಧನಕ್ಕೆ ನಾನು ಬರೆದದ್ದು ಒಂದೇ ಸಾಲು: ‘ರೈತರು ಹೇಳಿದಷ್ಟು ಬಾಕ್ಸ್ ಹೊರತಂದು ಖರೀದಿದಾರರಿಗೆ ತೆರೆದು ತೋರಿಸಲು.’ ಇಷ್ಟು ಸ್ಪಷ್ಟವಾಗಿ ಬರೆಯುವ ಗಂಡು ಮೀರಜ ತಾಲೂಕಿನಲ್ಲಿ ಇನ್ನೊಬ್ಬ ಹುಟ್ಟಿಲ್ಲ ಅನ್ನಿಸಿತು.

ಮೊದಲ ಗಿರಾಕಿಯಾಗಿ ಸಲಗರೆ ಹಳ್ಳಿಯ ಮಾವಶಿಯನ್ನೇ ಹಿಡಿದೆ. ಮಾವಶಿ ಎಂದರೆ ಅವ್ವನ ತಂಗಿ. ತನ್ನ ತೋಟದ ಇಡೀ ವರ್ಷದ ಒಣದ್ರಾಕ್ಷಿಯನ್ನು ಅದೇ ಕೋಲ್ಡ್‌ನಲ್ಲಿಟ್ಟು ದೀಪಾವಳಿಯ ದರಕ್ಕೆ ಕಾಯುತ್ತಿದ್ದಳು. ನಡುನಡುವೆ ಯಾರಿಗಾದರೂ ತೋರಿಸಿ ದರ ಕೇಳಿ ನೋಡುವುದಿತ್ತು.

“ಏಜೆಂಟಾ? ಕಮಿಷನ್ ಎಷ್ಟ ತಗೋತಾನ?”

“ಮನಶ್ಯಾ ಅಲ್ರಿ ಮಾವಶಿ, ಕಂಪ್ಯೂಟರ್.”

“ಹಂಗಾರ ಊಟಾನೂ ಕೇಳಂಗಿಲ್ಲ. ನಿನಕಿಂತ ಚಲೋ ಆತು.”

ನಮ್ಮ ಕಡೆಯ ರೂಢಿ ಹೀಗಿದೆ. ಒಂದು ಬಾಕ್ಸ್ ಒಡೆದು ಮೇಜಿನ ಮೇಲೆ ಸುರಿಯುತ್ತಾರೆ. ಖರೀದಿದಾರ ದರ ಹೇಳುತ್ತಾನೆ. ಒಪ್ಪಿಗೆಯಾಗದಿದ್ದರೆ ರೈತ ‘ಇಲ್ಲ’ ಅನ್ನುತ್ತಾನೆ, ಬಾಕ್ಸ್ ವಾಪಸ್ ಒಳಗೆ. ಸುರಿಯುವ ಮೊದಲು ಪ್ರತಿಯೊಬ್ಬ ರೈತನೂ ಎದೆಯುಬ್ಬಿಸಿ ‘ಎಲ್ಲಾ ತಗದ ನೋಡ್ರಿ’ ಅನ್ನಲೇಬೇಕು. ಯಾರೂ ಎಲ್ಲ ತೆಗೆಯುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತಾದ್ದರಿಂದಲೇ ಬರೆದಿಡಬೇಕೆಂದು ನನಗೆ ಹೊಳೆಯಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಜತ್ತ ಕಡೆಯ ಖರೀದಿದಾರರೊಬ್ಬರು ಕೋಲ್ಡ್ ಸ್ಟೋರೇಜಿಗೆ ಬಂದರು. ಏಜೆಂಟಿನ ಕೆಲಸ ನೋಡಲು ನಾನೂ ಅಲ್ಲೇ ಇದ್ದೆ. ಸಲಗರೆಯಿಂದ ಮಾವಶಿಯ ದನಿ ಏಜೆಂಟಿಗೆ ಬಂತು: “ನಮ್ಮ ಮಾಲ ಎಲ್ಲಾ ತಗದ ತೋರಸ್ರಿ. ಮುಚ್ಚಿಡಾಕ ಏನೈತಿ?”

ಚೀಟಿ ಹೊರಬಂತು. ಹಮಾಲ ಅದನ್ನು ನೋಡಿ, ನನ್ನನ್ನೂ ನೋಡಿ, “ಭಾವು, ಸಗಳಾ ಮಾಲ?” ಎಂದು ಮರಾಠಿಯಲ್ಲಿ ಕೇಳಿದ. ಎಲ್ಲಾ ಮಾಲೂ ಹೊರಗೇ?

“ಸಗಳಾ!” ಎಂದೆ, ಲಗ್ನದ ಊಟಕ್ಕೆ ಅಪ್ಪಣೆ ಕೊಟ್ಟವನ ಹಾಗೆ.

ಕೈಗಾಡಿಗಳು ಸಾಲಾಗಿ ಹೊರಬಂದವು. ಅಂಗಳ ತುಂಬಿತು. ನನ್ನ ತಂತ್ರಜ್ಞಾನದ ವೈಭವಕ್ಕೆ ಕಣ್ಣು ತುಂಬಿ, ವಿಡಿಯೋ ಮಾಡಿ ಮಾವಶಿಗೆ ಕಳಿಸಿದೆ.

ಫೋನ್ ಕೂಡಲೇ ಬಂತು. “ಏ ಕತ್ತಿ! ಎಲ್ಲಾ ಯಾಕ ಹೊರಗ ಹಾಕೀದಿ?”

“ನೀವ ಅಂದ್ರೆಲ್ಲಾ, ಎಲ್ಲಾ ತಗೀರಿ ಅಂತ.”

“ಬೀಗರ ಬಂದಾಗ ‘ಮನಿ ನಿಮ್ದ ಅಂತ ತಿಳೀರಿ’ ಅಂತೀನಿ. ಮನಿ ಬರಸ್ಕೊಂಡ ಹೋಗ್ತಾರೇನ?”

ಥಂಡಿಯಿಂದ ಬಿಸಿಲಿಗೆ ಬಂದ ಬಾಕ್ಸ್ ಬೆವರುತ್ತದೆ, ದ್ರಾಕ್ಷಿ ಅಂಟುತ್ತದೆ, ಹಸಿರು ಬಣ್ಣ ಕಂದುತ್ತದೆ. ಮಾಲು ಹೊರಗೆ ಬಿದ್ದ ರೈತನಿಗೆ ‘ಇಲ್ಲ’ ಅನ್ನುವ ಧೈರ್ಯ ಇರುವುದಿಲ್ಲ. ಇದು ಖರೀದಿದಾರರಿಗೂ ಗೊತ್ತಿತ್ತು. “ಅಕ್ಕಾರಿಗೆ ಭಾಳ ಅವಸರ ಐತಿ ಅನಸ್ತೈತಿ” ಎಂದು ನಿಧಾನವಾಗಿ ಚಹಾ ಹೀರಿ, ಮೊದಲ ಬಾಕ್ಸ್ ನೋಡಿ ಹೇಳಿದ್ದ ದರವನ್ನು ಇಳಿಸಿದರು.

“ಒಳಗ ಹಾಕು. ಈಗಿಂದೀಗ. ನೀನ ಹೊರು,” ಎಂದಳು ಮಾವಶಿ.

ಹೊತ್ತೆ. ಒಳಗೆ ಹೋದರೆ ಮೂಗು ಹಿಮಾಲಯ, ಹೊರಗೆ ಬಂದರೆ ಕೃಷ್ಣಾ ನದಿ. ಹಮಾಲರು ಎರಡು ಹೊರುವಷ್ಟರಲ್ಲಿ ನಾನು ಒಂದನ್ನು ಕಾಲ ಮೇಲೆ ಹಾಕಿಕೊಳ್ಳುತ್ತಿದ್ದೆ. ಮುಚ್ಚಿದವು ಉಳಿದವು. ತೋರಿಸಲೆಂದು ಮುಚ್ಚಳ ತೆರೆದಿದ್ದ ಒಂದು ಸಾಲನ್ನು ಇಳಿದ ದರಕ್ಕೇ ಕೊಡಬೇಕಾಯಿತು.

ಮರುದಿನ ಮಾವಶಿ ಬಸ್ ಹಿಡಿದು ಬಂದು ನನ್ನ ಕಂಪ್ಯೂಟರಿನ ಪಕ್ಕದಲ್ಲೇ ಕೂತಳು. ಚಹಾಕ್ಕೆ ಬಿಡಲಿಲ್ಲ. ಬರೆದೆ: ‘ಎಲ್ಲಾ ತೋರಿಸಿ ಎಂಬುದು ತಮ್ಮ ಮಾಲಿನ ಬಗ್ಗೆ ರೈತರ ಅಭಿಮಾನದ ಮಾತು, ಆದೇಶವಲ್ಲ. ಒಂದೇ ಬಾಕ್ಸ್ ತೆಗೆ. ಹೆಚ್ಚು ಬೇಕಾದರೆ ಎಷ್ಟು ಎಂದು ಮಾಲಕರನ್ನು ಕೇಳು. ಉತ್ತರ ಬರುವವರೆಗೆ ಚೀಟಿ ಕೊಡಬೇಡ.’

“ಮುಚ್ಚಿಡಾಕ ಏನೈತಿ ಅಂದ್ರೂ ಕೊಡಬ್ಯಾಡ ಅಂತ ಬರಿ.”

“ನೀವ ಆ ಮಾತ ಬಿಟ್ರ ಆತಲ್ರಿ?”

“ನಾ ಯಾಕ ಬಿಡ್ಲಿ? ಅದಕ್ಕ ಕಲಿಸು.”

ಕೆಲ ದಿನಗಳ ಮೇಲೆ ಅದೇ ಖರೀದಿದಾರರು ಬಂದರು. ಈ ಸಲ ಮಾವಶಿ ಕೋಲ್ಡ್‌ಗೇ ಬಂದು ನನ್ನ ಪಕ್ಕದಲ್ಲೇ ಕೂತು ಅದೇ ಮಾತನ್ನು ಅದೇ ಠೀವಿಯಿಂದ ಏಜೆಂಟಿಗೆ ಹೇಳಿದಳು. ಬಾಗಿಲು ಸರಿದು ಒಂದೇ ಒಂದು ಬಾಕ್ಸ್ ಬಂತು. ಮೇಜಿನ ಮೇಲೆ ಹಸಿರು ರಾಶಿ. ಅವರು ದರ ಹೇಳಿದರು. ಮಾವಶಿ ಒಂದು ಕಾಳು ಬಾಯಿಗೆ ಹಾಕಿಕೊಂಡು ಸಾವಕಾಶ ಅಗಿದು, “ಇಲ್ರಿ. ಬರಂಗಿಲ್ಲ,” ಎಂದಳು. ಬಾಕ್ಸ್ ಒಳಗೆ ಹೋಯಿತು.

“ಮತ್ತ ಬ್ಯಾರೆ ಬಾಕ್ಸ್ ನೋಡೂಣೇನ್ರಿ ಅಕ್ಕಾರ?”

“ಎಲ್ಲಾ ನೋಡ್ರಿ! ಮುಚ್ಚಿಡಾಕ ಏನೈತಿ?”

ಇಬ್ಬರೂ ಕೂತಲ್ಲಿಂದ ಅಲುಗಲಿಲ್ಲ. ನಾನು ಮಾತ್ರ ಹಮಾಲನನ್ನು ಕರೆಯಲು ಎದ್ದೆ. ಮಾವಶಿ ನನ್ನ ಅಂಗಿ ಹಿಡಿದೆಳೆದು ಕೂಡಿಸಿದಳು.