‘ಕುಡಿಯುವುದುಂಟು’ ಎಂದ ಅಹ್ಮದ್ ಬಾವ

ಬಸುರಿಯ ಪಾದ ಕೆಸರಿಗೆ ತಾಗದಂತೆ ದೋಣಿಯನ್ನು ದಡಕ್ಕೆ ಒತ್ತಿ ಹಿಡಿಯುವವನು. ಹೊಳೆ ಕೆರಳಿದ ದಿನ ಹತ್ತು ಜನ ಬೈದರೂ ಹನ್ನೊಂದನೆಯವನನ್ನು ಹತ್ತಿಸದ ಧೃತಿವಂತನು. ಐದು ಹೊತ್ತಿನ ಪ್ರಾರ್ಥನೆಯನ್ನು ತಪ್ಪಿಸದವನು. ದೋಣಿಯಲ್ಲಿ ಕಳ್ಳಿನ ಮಡಕೆಯಿದ್ದರೆ ಮುಖವನ್ನು ಗಾಳಿಗೆ ತಿರುಗಿಸಿ ಹುಟ್ಟು ಹಾಕುವವನು. ಎಲ್ಲಕ್ಕೂ ಮಿಗಿಲಾಗಿ, ಕೇಳಿದ ಪ್ರಶ್ನೆಗೆ ಇದ್ದುದನ್ನು ಇದ್ದಂತೆಯೇ ಹೇಳುವವನು. ಇಂತಪ್ಪ ಗುಣಗಳಿಂದ ಹೊಳೆಯಾಚೆಯ ಬೆಂಗ್ರೆಗೂ ಮಂಗಳೂರಿನ ದೋಣಿಕಟ್ಟೆಯಾದ ದಕ್ಕೆಗೂ ನಡುವೆ ಇಪ್ಪತ್ತೆರಡು ವರ್ಷ ಜನರನ್ನು ದಾಟಿಸಿದವನು ಅಹ್ಮದ್ ಬಾವ. ಅವನ ಮಾನಕ್ಕೆ ಕುತ್ತು ತಂದದ್ದು ಆ ಕೊನೆಯ ಗುಣವೇ ಎಂದರೆ ಯಾರು ನಂಬುವರು!

೧೯೬೩ರ ಮಳೆಗಾಲ ಕಳೆಯುವಷ್ಟರಲ್ಲಿ ಅವನ ಹೊಟ್ಟೆ ಬಾತು ಕೊಡದಂತಾಯಿತು, ಕೈಕಾಲುಗಳು ಒಣಗಿದವು. ಪೇಟೆಯ ಡಾಕ್ಟರ್ ಮಹಾಬಲರು ಹೊಟ್ಟೆಯನ್ನು ತಟ್ಟಿ ನೋಡಿ, “ಕುಡಿಯುವುದುಂಟಾ?” ಎಂದರು.

“ಉಂಟು.”

“ದಿನಾ?”

“ದಿನಾ. ಬೆಳಗ್ಗೆ ಒಂದು ಗ್ಲಾಸು, ಸಂಜೆ ಒಂದು. ಇಲ್ಲದಿದ್ದರೆ ಹುಟ್ಟು ಹಾಕಲಿಕ್ಕೆ ಆಗುವುದಿಲ್ಲ.”

ಕರ್ಮಪದವಿಲ್ಲದೆ ‘ಕುಡಿಯುವುದು’ ಎಂದರೆ ಕನ್ನಡದಲ್ಲಿ ಒಂದೇ ಅರ್ಥ. ಮನೆಯಲ್ಲಿ ಬ್ಯಾರಿ ಭಾಷೆ ಮಾತನಾಡುವ ಬಾವನಿಗೆ ಅದು ಹೊಳೆಯಲಿಲ್ಲ. ಪಕ್ಕದಲ್ಲಿ ಔಷಧ ಬೆರೆಸುತ್ತಿದ್ದ ಕಂಪೌಂಡರ್ ಗ್ರೆಗರಿಯ ಕಿವಿಗೆ ಮಾತ್ರ ಚೆನ್ನಾಗಿ ಬಿತ್ತು. ಬಾವ ದಕ್ಕೆ ತಲುಪುವ ಮೊದಲೇ ಸುದ್ದಿ ಹೊಳೆ ದಾಟಿತ್ತು.

“ಎಂತ ಬಾವ, ಒಬ್ಬನೇ ಹೊಡೆಯುವುದಾ? ನನ್ನನ್ನೂ ಕರೀಬಹುದಿತ್ತಲ್ಲ ಮಾರಾಯ!” ಎಂದು ಬಲೆ ನೇಯುತ್ತಿದ್ದ ಬೋಜ ಕೂಗಿದ. ದಡದಲ್ಲಿದ್ದವರೆಲ್ಲ ನಕ್ಕರು. ಆ ಸಂಜೆ ಮಸೀದಿಯ ಮೆಟ್ಟಿಲಲ್ಲಿ ಬಾವನ ಸಲಾಮಿಗೆ ಉತ್ತರ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಸುಹರಾ ದಿಗ್ಭ್ರಮೆಯಿಂದ ಕೇಳಿದಳು: “ಕಷಾಯ ಅಂತ ಹೇಳಲಿಲ್ಲವಾ?”

“ಎಂತ ಕುಡಿಯುವುದು ಅಂತ ಅವರು ಕೇಳಲೇ ಇಲ್ಲ.”

ಮರುದಿನ ಸುಹರಾ ಗಂಡನನ್ನು ಮುಂದೆ ಮಾಡಿಕೊಂಡು ಕಷಾಯದ ಮಡಕೆಯನ್ನೇ ಡಾಕ್ಟರ ಮೇಜಿನ ಮೇಲೆ ಇಟ್ಟಳು. “ಇವರು ಕುಡಿಯುವುದು ಇದು. ಸೊಂಟನೋವಿಗೆ ಹತ್ತು ತಿಂಗಳಿಂದ ನಾನೇ ಕುದಿಸಿ ಕೊಡುವುದು. ಮೂಸಿ ನೋಡಿ!”

ಡಾಕ್ಟರು ಮೂಸಲಿಲ್ಲ, ಮಡಕೆಯಿಂದ ಬೆಂದ ಕಾಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು. “ಇದು ಯಾವ ಗಿಡ?”

“ಹಳದಿ ಹೂವಿನದ್ದು. ಕಾವೂರಿನ ಕೆರೆಬದಿಯಿಂದ ತಂದು ನನ್ನ ಉಮ್ಮ ಕುದಿಸ್ತಿದ್ದರು. ಬೆಂಗ್ರೆಯ ಹೊಯಿಗೆ ನೆಲದಲ್ಲಿ ಬೇಕಾದಷ್ಟುಂಟು.”

“ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತದಾ?”

“ಹೌದು, ಗೆಜ್ಜೆಯ ಹಾಗೆ.”

“ನಿಮ್ಮ ಉಮ್ಮನ ಗಿಡದ್ದು?”

ತಾನು ಕುದಿಸಿದ್ದು ಬೇರೆಯೇ ಗಿಡ ಎಂದು ಸುಹರಾಳಿಗೆ ಆಗ ಹೊಳೆಯಿತು. ಕಾವೂರಿನ ಗಿಡದ ಕಾಯಿ ಎಂದೂ ಸದ್ದು ಮಾಡಿರಲಿಲ್ಲ.

“ಲಿವರಿನಿಂದ ರಕ್ತ ಹೊರಗೆ ಹರಿಯುವ ಸಣ್ಣ ಸಣ್ಣ ನಾಳಗಳುಂಟು,” ಎಂದರು ಮಹಾಬಲರು. “ಈ ಗಿಡದ ವಿಷ ಅವುಗಳನ್ನು ಮುಚ್ಚುತ್ತದೆ. ಹಿಂದೆ ಕಟ್ಟಿಕೊಂಡ ರಕ್ತದ ಒತ್ತಡಕ್ಕೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ದೂರದ ದ್ವೀಪವೊಂದರಲ್ಲಿ ಸೊಪ್ಪಿನ ಚಹಾ ಕುಡಿದ ಮಕ್ಕಳಿಗೆ ಹೀಗಾಯಿತೆಂದು ಓದಿದ್ದೆ. ಹದಿನೆಂಟು ವರ್ಷದ ಪ್ರಾಕ್ಟೀಸಿನಲ್ಲಿ ಕಣ್ಣಾರೆ ಕಂಡದ್ದು ಇದೇ ಮೊದಲು. ದೊಡ್ಡ ನಾಳವೇ ಕಟ್ಟುವುದೂ ಉಂಟು: ಕೆಲವರಿಗೆ ರಕ್ತ ಹೆಪ್ಪುಗಟ್ಟಿ, ಕೆಲವರಿಗೆ ಗಡ್ಡೆ ಒತ್ತಿ, ಅಪರೂಪಕ್ಕೆ ಬಾಣಂತಿಯರಿಗೆ. ಎಷ್ಟೋ ಜನರಿಗೆ ಕಾರಣವೇ ಗೊತ್ತಾಗುವುದಿಲ್ಲ. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವಂಥದ್ದು. ನಾನು ಎಲ್ಲ ಕಡೆ ಕಾಣುವ ಕಾರಣವನ್ನೇ, ಹೆಂಡವನ್ನೇ, ನಂಬಿಬಿಟ್ಟೆ. ತಪ್ಪು ನನ್ನದು.”

ಸುಹರಾ ತನ್ನ ಎರಡು ಅಂಗೈಗಳನ್ನೂ ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. “ನಾನೇ... ಈ ಕೈಯಿಂದಲೇ...”

“ಮೊದಲ ದಿನವೇ ಹೇಳಿದ್ದೆನಲ್ಲ, ಬಾಯಿಗಿಡಲಿಕ್ಕೆ ಆಗುವುದಿಲ್ಲ ಅಂತ. ನೀನು ಕೇಳಿದರೆ ತಾನೆ?” ಎಂದ ಬಾವ. ಅವಳು ಅಳುತ್ತಲೇ ನಕ್ಕಳು.

ಕಷಾಯ ನಿಂತಿತು, ಉಪ್ಪು ನಿಂತಿತು. ಹೊಟ್ಟೆಯ ನೀರನ್ನು ಎರಡು ಬಾರಿ ಸೂಜಿಯಿಂದ ತೆಗೆದರು. ದಿನಗಳು ಉರುಳಿದಂತೆ ಹೊಟ್ಟೆ ಇಳಿಯಿತು. ರಂಜಾನ್ ಹತ್ತಿರವಾದಾಗ ಬಾವ ಮತ್ತೆ ಹುಟ್ಟು ಹಿಡಿದ. ಆದರೆ ತುಂಬಿದ ದೋಣಿಯಲ್ಲಿ ಯಾರೂ ಅವನೊಡನೆ ಮಾತನಾಡಲಿಲ್ಲ.

ಆಗ, ಇಷ್ಟು ದಿನ ನಾಚಿಕೆಯಿಂದ ಬಾಯಿ ಬಿಡದಿದ್ದ ಗ್ರೆಗರಿ ಪೇಟೆಯ ಕಡೆಯಿಂದ ಓಡಿಬಂದು ದೋಣಿಯ ಅಂಚನ್ನು ಹಿಡಿದು ನಿಂತ. “ಕೇಳಿ ಮಾರಾಯ್ರೆ! ಬಾವ ಕುಡಿದದ್ದು ಕಷಾಯ. ಬರೀ ಕಷಾಯ. ಗೊತ್ತಿಲ್ಲದೆ ಊರಿಗೆಲ್ಲ ಹೇಳಿದ್ದು ನಾನು.”

ದೋಣಿಯಲ್ಲಿದ್ದವರು ತಲೆ ತಗ್ಗಿಸಿದರು. ಎಲ್ಲರಿಗಿಂತ ಮೊದಲು ತಲೆ ಎತ್ತಿದವನು ಬೋಜ. “ಕಷಾಯವಾ? ಹಾಗಾದರೆ ನನ್ನನ್ನು ಕರೀಬೇಡ ಬಾವ, ಒಬ್ಬನೇ ಹೊಡಿ!”

ಅಂದು ಸಂಜೆ ಮಸೀದಿಯ ಮೆಟ್ಟಿಲಲ್ಲಿ ಅವನ ಸಲಾಮಿಗೆ ಏಳು ಕಂಠಗಳು ಒಟ್ಟಿಗೆ ಉತ್ತರಿಸಿದವು. ಆ ಹೊತ್ತಿಗೆ ಸುಹರಾ ಮನೆಯ ಹಾದಿಯ ಗಿಲಿಗಿಲಿ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತು ಮುಗಿಸಿದ್ದಳು.

ಸತ್ಯವನ್ನೇ ನುಡಿದ ಆ ನಾಲಗೆಗೂ ಪ್ರೀತಿಯಿಂದಲೇ ತಪ್ಪಿದ ಆ ಕೈಗಳಿಗೂ ಕರುಣಾನಿಧಿಯಾದ ದೇವರು ನೆಮ್ಮದಿಯನ್ನು ಕರುಣಿಸಲಿ. ಅವರ ಮನೆಯ ಒಲೆ ಆರದಿರಲಿ. ಅವರ ದೋಣಿಯೂ ಅವರ ಮಕ್ಕಳೂ ಸದಾ ಸುಖವಾಗಿ ದಡ ಸೇರಲಿ.